ಬೆವರು ಬಾರದ ಕಂಡಕ್ಟರ್

ನನಗೆ ಬೆವರು ಬರುವುದಿಲ್ಲ. ಬೇರೆ ಊರಿನವರ ಮುಂದೆ ಇದನ್ನು ಹೇಳಿದರೆ ಎಂಥ ಪುಣ್ಯವಂತನಪ್ಪ ಎನ್ನುವ ಹಾಗೆ ನೋಡುತ್ತಾರೆ. ರಾಯಚೂರು ಜಿಲ್ಲೆಯಲ್ಲಿ, ಅದೂ ಏಪ್ರಿಲ್ ತಿಂಗಳಲ್ಲಿ, ಅದೂ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ, ಅದೂ ದಪ್ಪ ಟೆರಿಕಾಟ್ ಖಾಕಿ ತೊಟ್ಟು ಟಿಕೆಟ್ ಕೊಡುವವನಿಗೆ ಬೆವರು ಬರುವುದಿಲ್ಲ ಎಂದರೆ ಅದರಲ್ಲಿ ಪುಣ್ಯ ಏನೇನೂ ಇಲ್ಲ. ಸೀಟಿ ಇಲ್ಲದ ಕುಕ್ಕರನ್ನು ಒಲೆಯ ಮೇಲಿಟ್ಟ ಹಾಗೆ ಅದು. ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ಎರಡು ಬೇಸಿಗೆ ಹಿಡಿಯಿತು. ಮೊದಲನೆಯ ಬೇಸಿಗೆ ಪೂರ್ತಿ ನಾನು ಅದನ್ನು ನನ್ನ ದೊಡ್ಡಸ್ತಿಕೆ ಎಂದುಕೊಂಡು ಹೇಳಿಕೊಂಡು ತಿರುಗಿದೆ.

ನನ್ನ ಹೆಸರು ಮೌನೇಶ. ಈ ಹೆಸರಿಟ್ಟವರು ಯಾರು ಎಂದು ನನ್ನ ಬಸ್ಸಿನ ಪ್ರಯಾಣಿಕರು ಇವತ್ತಿಗೂ ಹುಡುಕುತ್ತಿದ್ದಾರೆ. ಮಾನ್ವಿಯಲ್ಲಿ ಅವ್ವ, ತಂಗಿ ಸುನೀತಾ ಮತ್ತು ನಾನು ಇರುತ್ತೇವೆ. ಅವ್ವ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ನಾನು ಪಿಯುಸಿ ಓದುವಾಗ ತೀರಿಕೊಂಡ. ಅಪ್ಪ ಕೆಲಸದ ಹೊತ್ತಿನಲ್ಲಿ ಅಂಗಿ ತೊಟ್ಟದ್ದನ್ನು ನಾನು ನೋಡಿದ್ದೇ ಇಲ್ಲ. ಹಾಗಾಗಿ ನನಗೆ ಕಂಡಕ್ಟರ್ ಕೆಲಸ ಸಿಕ್ಕು, ಹೆಗಲಿಗೆ ಪಟ್ಟಿ, ಎದೆಗೆ ಬಿಲ್ಲೆ ಇರುವ ಖಾಕಿ ಅಂಗಿ ಮನೆಗೆ ಬಂದ ದಿನ ಅವ್ವ ಅದನ್ನು ಹ್ಯಾಂಗರಿಗೆ ಹಾಕಿ ಗೋಡೆಗೆ ನೇತುಹಾಕಿ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಅಂಗಿಯೊಳಗೆ ಇರಬೇಕಾದ ಮನುಷ್ಯ ಪಕ್ಕದಲ್ಲೇ ನಿಂತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ನಮ್ಮ ಡ್ರೈವರ್ ಮೆಹಬೂಬ್ ಸಾಬ್‌ಗೆ ಐವತ್ತು ದಾಟಿದೆ. ಮಧ್ಯಾಹ್ನದ ಹೊತ್ತಿಗೆ ಅವರ ಬೆನ್ನಿನ ಮೇಲೆ ಉಪ್ಪಿನ ಭೂಪಟ ಮೂಡಿರುತ್ತಿತ್ತು. ನನ್ನ ಅಂಗಿ ಮಾತ್ರ ಬೆಳಿಗ್ಗೆ ಇಸ್ತ್ರಿ ಮಾಡಿದಂತೆಯೇ ಗರಿಗರಿ.

"ನೋಡ್ರಿ ಮಾಮು, ನಾ ಎಸಿ ಮನುಷ್ಯ. ಒಂದು ಹನಿ ಬರಂಗಿಲ್ಲ" ಎನ್ನುತ್ತಿದ್ದೆ.

"ಅರೇ, ಕೆಲಸ ಮಾಡಿದ್ರ ಬರ್ತದ ಬೆವರು. ನೀ ಬರೇ ಬಾಯಿ ಮಾಡ್ತಿ" ಎನ್ನುತ್ತಿದ್ದರು ಸಾಬ್.

ಒಮ್ಮೆ ಪಂದ್ಯವೇ ಆಯಿತು. ಮಳೆಗಾಲದ ರೈನ್‌ಕೋಟ್ ತೊಟ್ಟು ನಡು ಮಧ್ಯಾಹ್ನ ದೇವದುರ್ಗದ ತನಕ ಹೋಗಿ ಬಂದರೆ ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿ. ಗೆದ್ದೆ. ಒಂದು ಪ್ಲೇಟ್ ಅಲ್ಲ, ಆರು ಮಿರ್ಚಿ ತಿಂದೆ. ಆಮೇಲೆ ಮೈತುಂಬ ಸೂಜಿ ಚುಚ್ಚಿದ ಹಾಗೆ ಆಗತೊಡಗಿತು. ಬಸ್ ಸ್ಟ್ಯಾಂಡಿನ ಕಂಬಕ್ಕೆ ಎಮ್ಮೆಯಂತೆ ಬೆನ್ನು ತಿಕ್ಕಿಕೊಂಡೆ. ಆ ಸೂಜಿಗಳು ಮಿರ್ಚಿಯಿಂದ ಬಂದವು ಎಂದು ನನ್ನ ತೀರ್ಮಾನ. ಮರುವಾರ ಮಿರ್ಚಿ ತಿನ್ನದೆಯೂ ಬಂದವು. ಆಗ ತಪ್ಪು ಸಾಬೂನಿನದಾಯಿತು. ಮೂರು ಸಾಬೂನು ಬದಲಿಸಿದ ಮೇಲೆ ತಪ್ಪು ಅವ್ವನದಾಯಿತು. ಅವಳು ಪಾಪ, ನನ್ನ ಎರಡೂ ಖಾಕಿ ಜೋಡಿಗಳನ್ನು ಬೇವಿನ ಎಲೆಯ ನೀರಲ್ಲಿ ಕುದಿಸಿದಳು. ಆ ತಿಂಗಳು ನಾನು ಅರಣ್ಯ ಇಲಾಖೆಯವನಂತೆ ಹಸಿರಾಗಿ ಓಡಾಡಿದೆ. ಡಾಕ್ಟರ ಹತ್ತಿರ ಹೋಗಬೇಕು ಎಂಬುದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಬೆವರು ಬರುತ್ತಿಲ್ಲ ಎಂದು ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ?

ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಎರಡು ಟ್ರಿಪ್ ಮುಗಿಸಿ ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ತಲೆ ಸಿಡಿಯುತ್ತಿತ್ತು, ಕಾಲು ಹತ್ತಿಯಾಗಿದ್ದವು. ಅವ್ವ ಹಣೆ ಮುಟ್ಟಿ, ಹಂಚು ಮುಟ್ಟಿದವಳಂತೆ ಕೈ ಹಿಂದಕ್ಕೆ ತೆಗೆದಳು.

"ಜ್ವರ ಬಂದಾವಲ್ಲೋ ಯಪ್ಪಾ. ಬೆವರು ಬಿಡಿಸಬೇಕು."

ನಮ್ಮ ಮನೆಯಲ್ಲಿ ಜ್ವರಕ್ಕೆ ಮದ್ದು ಒಂದೇ, ಕೌದಿ. ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆ ಅದು. ರೋಗಿಯನ್ನು ಅದರಲ್ಲಿ ಸುತ್ತಿ, ಮೆಣಸಿನ ಕಷಾಯ ಕುಡಿಸಿ, ಕಿಟಕಿ ಮುಚ್ಚಿ, ಮೈಯೆಲ್ಲ ಬೆವರು ಕಿತ್ತು ಬರುವ ತನಕ ಬಿಡಬಾರದು. ಬೆವರು ಬಂತೋ ಜ್ವರ ಬಿಟ್ಟಿತು. ಈ ವಿದ್ಯೆಯಲ್ಲಿ ಅವ್ವ ಓಣಿಗೇ ಹೆಸರುವಾಸಿ. ಅಪ್ಪನ ಜ್ವರ, ಸುನೀತಾಳ ಜ್ವರ, ಪಕ್ಕದ ಮನೆಯವರ ಜ್ವರ ಎಲ್ಲವೂ ಅವಳ ಕೌದಿಗೆ ಹೆದರಿ ಓಡಿದ್ದವು.

ಒಂದು ಕೌದಿ ಬಂತು. ಅರ್ಧ ತಾಸು ಕಾದಳು. ಒಳಗೆ ಕೈ ಹಾಕಿ ನೋಡಿದಳು. ಒಣ ಒಣ.

"ಇನ್ನಾ ಬಂದಿಲ್ಲ" ಎಂದು ಎರಡನೆಯದನ್ನು ಹಾಕಿದಳು. ಆಮೇಲೆ ಪಕ್ಕದ ಮನೆಯಿಂದ ಮೂರನೆಯದು ಬಂತು. ಓಣಿಯ ಹೆಂಗಸರು ಉಟ್ಟು ಬಿಟ್ಟ ಸೀರೆಗಳೆಲ್ಲ ಆ ಹೊತ್ತು ನನ್ನ ಮೈಮೇಲಿದ್ದವು.

"ಯವ್ವಾ, ತಗೀಬೇ. ಸಾಯ್ತೀನಿ."

"ಸುಮ್ನ ಮಕ್ಕೋ. ಇನ್ನೊಂದೀಟು ತಡಿ, ಬರ್ತದ." ನಾನು ಒದ್ದು ಏಳಬಾರದೆಂದು ಕೌದಿಯ ಅಂಚಿನ ಮೇಲೆ ತಾನೇ ಕೂತಳು.

ಅಲ್ಲಿಂದ ಮುಂದೆ ನನಗೆ ನೆನಪು ಸರಿಯಾಗಿಲ್ಲ. ಸುನೀತಾ ಹೇಳಿದ್ದನ್ನು ಹೇಳುತ್ತೇನೆ. ಅವಳು ರಾಯಚೂರಿನಿಂದ ಬಿ.ಎಡ್ ಕ್ಲಾಸು ಮುಗಿಸಿ ಮನೆಗೆ ಬಂದಾಗ ನಾನು ಕಣ್ಣು ಅರೆ ತೆರೆದು ಅವಳಿಗೆ, "ಸಿರವಾರದವರು ಇಳೀರಿ. ಹಿಂದಿನವರು ಮುಂದ ಸರೀರಿ" ಎಂದೆನಂತೆ. ಅವಳು ನಗುತ್ತಾ ಹತ್ತಿರ ಬಂದು ಮುಟ್ಟಿದಳು. ನಗು ಅಲ್ಲಿಗೇ ನಿಂತಿತು. ಮೂರೂ ಕೌದಿ ಎಳೆದು ಅಂಗಳಕ್ಕೆ ಎಸೆದಳು. ಕೊಡದ ನೀರು ಪೂರ್ತಿ ನನ್ನ ಮೇಲೆ ಸುರಿದು, ಆಟೋದವನನ್ನು ಕೂಗಿದಳು.

ಆಸ್ಪತ್ರೆಯಲ್ಲಿ ಒಬ್ಬ ನರ್ಸು ನನ್ನ ಬನಿಯನ್ನನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಒದ್ದೆ ಬಟ್ಟೆ ಹಾಸಿ, ಎರಡು ಫ್ಯಾನು ತಿರುಗಿಸಿ ಬಿಟ್ಟರು. ಹೊತ್ತು ಕಳೆದ ಮೇಲೆ ಕಿವಿಗೆ ಮಾತುಗಳು ಬೀಳತೊಡಗಿದವು. ನಗೆಚಾಟಿಕೆ ಮಾಡೋಣವೆಂದು ಬಾಯಿ ತೆರೆದೆ. ನಾಲಿಗೆ ತಿರುಗಲಿಲ್ಲ. ಬೇರೆಯವರಿಗೆ ಅದು ಹಬ್ಬ ಇರಬಹುದು. ನನಗೆ ಹುಟ್ಟಿದಾಗಿನಿಂದ ಅಂಥ ಹೆದರಿಕೆ ಆಗಿರಲಿಲ್ಲ.

"ಇವನ್ನ ಯಾರು ಹೊದಿಸಿ ಮುಚ್ಚಿಟ್ಟಿದ್ದು?" ಡಾಕ್ಟರು ಕೇಳಿದರು.

"ನಾನ ರೀ" ಎಂದಳು ಅವ್ವ.

"ಒಳಗಿನ ಝಳ ಹೊರಗ ಹೋಗಾಕ ದಾರೀನ ಇಲ್ಲದಂಗ ಮಾಡೀರಲ್ಲಮ್ಮ. ಇನ್ನೊಂದು ತಾಸು ತಡ ಆಗಿದ್ರ ನಾ ಏನೂ ಮಾಡಾಕ ಆಗ್ತಿದ್ದಿಲ್ಲ."

ಡಾಕ್ಟರು ಬೈಯಲಿಲ್ಲ, ಮೆಲ್ಲಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಅವ್ವ ತಿರುಗಿ ಬೈಯುತ್ತಿದ್ದಳು, ಹಗುರಾಗುತ್ತಿದ್ದಳು.

ಅದಾದ ಮೇಲೆ ಅವಳಿಗೆ ಬಟ್ಟೆ ಕಂಡರೇ ಆಗದು. ಮನೆಯಲ್ಲಿ ನಾನು ಟವೆಲ್ ಹೆಗಲಿಗೆ ಹಾಕಿಕೊಂಡರೂ ಬಂದು ಕಿತ್ತುಕೊಳ್ಳುತ್ತಿದ್ದಳು. ನೋಡಲು ಬಂದ ನೆಂಟರ ಮುಂದೆ ನಾನು ಬರೀ ಚಡ್ಡಿಯಲ್ಲಿ ಕೂತು ಚಹಾ ಕುಡಿಯಬೇಕಾಯಿತು. ಬಂದವರೆಲ್ಲ ಒಂದೊಂದು ಮದ್ದು ಬಿಟ್ಟು ಹೋದರು. ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ. ಉಷ್ಣ ಅಲ್ಲ, ಥಂಡಿ ಒಳಗ ಹೊಕ್ಕಾದ, ಶುಂಠಿ ತಿನ್ನು. ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೋ. ಕೊನೆಯದನ್ನು ಮಾಡಿದೆ. ನಾಲ್ಕು ದಿನ ನನ್ನ ಬಸ್ಸು ತಳ್ಳುಗಾಡಿಯ ಹೋಟೆಲಿನಂತೆ ನಾರಿತು, ಬೆವರು ಮಾತ್ರ ಬರಲಿಲ್ಲ. ಕಣ್ಣಲ್ಲಿ ನೀರು ಬಂತು, ಅಷ್ಟೇ.

ಮಾನ್ವಿಯ ಡಾಕ್ಟರು ಚೀಟಿ ಬರೆದು ರಾಯಚೂರಿನ ಒಬ್ಬ ಚರ್ಮದ ತಜ್ಞರ ಹತ್ತಿರ ಕಳಿಸಿದರು. ಅವ್ವನೂ ಬಂದಳು. ಆ ಆಸ್ಪತ್ರೆಯ ಬಾಗಿಲ ಮೇಲೆ 'ಚರ್ಮ ಮತ್ತು ಗುಪ್ತರೋಗ' ಎಂದು ಬರೆದಿತ್ತು. 'ಚರ್ಮ' ಸಣ್ಣಗೆ, ಮುಂದಿನದು ದಪ್ಪಗೆ. ಒಳಗೆ ಕೂತವರೆಲ್ಲ ಮುಖಕ್ಕೆ ಸೆರಗು, ಕರವಸ್ತ್ರ, ಪೇಪರು ಹಿಡಿದಿದ್ದರು. ನಾನು ಮೂಲೆಯ ಕುರ್ಚಿ ನೋಡಿ ಕೂತೆ. ಪಕ್ಕದವರು ಪೇಪರು ಕೆಳಗಿಳಿಸಿದರು. ನನ್ನ ಬಸ್ಸಿನಲ್ಲಿ ದಿನವೂ ಓಡಾಡುವ ಕುರ್ಡಿಯ ಮಾಸ್ತರು.

"ಏನಪಾ ಕಂಡಕ್ಟರಾ, ಯಾವುದಕ್ಕ ಬಂದಿ?"

"ಚರ್ಮಕ್ಕ ರೀ ಸರ್."

"ಎಲ್ಲಾರೂ ಹಂಗ ಅಂತಾರ."

"ನೀವು ರೀ?"

"ನಾನೂ ಚರ್ಮಕ್ಕ" ಎಂದು ಪೇಪರು ಮೇಲೆತ್ತಿದರು.

ಅವ್ವನಿಗೆ ಇದನ್ನು ಸಹಿಸಲಾಗಲಿಲ್ಲ. ಇಡೀ ಕೋಣೆಗೆ ಕೇಳುವ ಹಾಗೆ, "ನಮ್ಮ ಹುಡುಗ ಅಂಥಾವ ಅಲ್ರೀ. ಅವಗ ಬೆವರು ಬರಂಗಿಲ್ಲ, ಅಷ್ಟ" ಎಂದಳು. ಹದಿನೈದು ಕರವಸ್ತ್ರಗಳ ಹಿಂದಿನಿಂದ ಮೂವತ್ತು ಕಣ್ಣು ನನ್ನನ್ನು ನೋಡಿದವು. ಯಾರೂ ನಂಬಲಿಲ್ಲ. ಮರುದಿನದ ಹೊತ್ತಿಗೆ ಮಾನ್ವಿಯಿಂದ ದೇವದುರ್ಗದ ತನಕ ಸುದ್ದಿ ಮುಟ್ಟಿತ್ತು. ಹುಡುಗರು ಟಿಕೆಟ್ ತೆಗೆದುಕೊಳ್ಳುವಾಗ ನನ್ನ ಬೆರಳು ತಾಗದಂತೆ ತೆಗೆದುಕೊಂಡರು.

ಡಾಕ್ಟರಮ್ಮ ನನಗಿಂತ ಹೆಚ್ಚೆಂದರೆ ಐದು ವರ್ಷಕ್ಕೆ ದೊಡ್ಡವರು. ಹುಟ್ಟಿನಿಂದ ಹೀಗೆಯೋ ಎಂದು ಕೇಳಿದರು.

"ಹುಟ್ಟಿನಿಂದಾನ ಮೇಡಂ. ನಮ್ಮ ಮೈ ಅಂದ್ರ ಹಂಗ" ಎಂದೆ. ಅಲ್ಲಿಯೂ ದೊಡ್ಡಸ್ತಿಕೆ ಬಿಡಲಿಲ್ಲ.

"ಸುಳ್ಳು ರೀ" ಎಂದಳು ಅವ್ವ. ಮಾನ್ವಿಯ ಆಸ್ಪತ್ರೆಯ ಆ ದಿನದಿಂದ ಅವಳು ಡಾಕ್ಟರುಗಳ ಮುಂದೆ ತಲೆ ಎತ್ತಿ ಮಾತಾಡಿರಲಿಲ್ಲ. "ಸಣ್ಣಾವಿದ್ದಾಗ ಜ್ವರ ಬಂದ್ರ ಕೌದಿ ಹೊದಿಸ್ತಿದ್ನಿ. ಹಿಂಡಿದ್ರ ನೀರು ಇಳೀಬೇಕು, ಹಂಗ ಬೆವರ್ತಿದ್ದ. ಹೈಸ್ಕೂಲಿಗಿ ಹೋಗಾಗೂ ಹಂಗ ಬೆವರ್ತಿದ್ದ. ನನಗ ಗೊತ್ತದ, ಒಗದಾಕಿ ನಾನು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮಾ, ನೀವು ಈಗ ಹೇಳಿದ್ದು ಬಹಳ ದೊಡ್ಡ ಮಾತು. ಹುಟ್ಟಿನಿಂದ ಇಲ್ಲದಿದ್ರ ನಾನು ಮಾಡೋದು ಏನೂ ಇರ್ತಿದ್ದಿಲ್ಲ. ಇದ್ದಿದ್ದು ಹೋಗಿದ್ರ, ಸ್ವಲ್ಪನಾದ್ರೂ ವಾಪಸ್ ಬರಬಹುದು."

ಅವ್ವ ನನ್ನ ಕಡೆ ನೋಡಿದಳು. ಅವತ್ತಿನಿಂದ ನನ್ನ ಟವೆಲ್ ನನಗೆ ವಾಪಸ್ ಸಿಕ್ಕಿತು.

ಆಮೇಲೆ ಪರೀಕ್ಷೆ. ಮೈಗೆ ಕಂದು ಬಣ್ಣದ ಅಯೋಡಿನ್ ಹಚ್ಚಿದರು. ಅದು ಒಣಗಿದ ಮೇಲೆ ಬಿಳಿ ಹಿಟ್ಟು ಉದುರಿಸಿದರು. ಬೆವರು ಬಂದ ಕಡೆ ಕಪ್ಪು ನೀಲಿ ಆಗುತ್ತದಂತೆ. ಬಿಸಿ ಕೋಣೆಯಲ್ಲಿ ಬರೀ ಚಡ್ಡಿಯಲ್ಲಿ ಕೂರಿಸಿದರು. ಕನ್ನಡಿ ನೋಡಿದೆ. ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಗೆ ಬಿಡುವ ಮುಂಚಿನ ಮಿರ್ಚಿ ಹೇಗಿರುತ್ತದೋ ಹಾಗಿದ್ದೆ. ಆರು ಮಿರ್ಚಿಯ ಶಾಪ ಇರಬೇಕು. ಅರ್ಧ ತಾಸಿನ ಮೇಲೆ ಎರಡು ಕಂಕುಳಲ್ಲಿ ಒಂದೊಂದು ರೂಪಾಯಿಯಷ್ಟು ನೀಲಿ, ಅಂಗೈಯಲ್ಲಿ ನಾಲ್ಕು ಚುಕ್ಕೆ. ಉಳಿದದ್ದೆಲ್ಲ ಬಿಳಿ. ಡಾಕ್ಟರಮ್ಮ ಫೋಟೋ ತೆಗೆದುಕೊಂಡರು. ನಗುತ್ತೇನೆ ಎಂದೆ, ಮುಖ ಬರುವುದಿಲ್ಲ ಎಂದರು.

ರಾಯಚೂರಿನ ವಾರ್ಡಿನಲ್ಲಿ ಮೂರು ದಿನ ಸಲಾಯಿನ್‌ನಲ್ಲಿ ಔಷಧ ಬಿಟ್ಟರು, ತಿಂಗಳಾದ ಮೇಲೆ ಮತ್ತೆ ಮೂರು ದಿನ. ಮುಖ ಬನ್ನಿನಂತೆ ಉಬ್ಬಿತು. ಕಂಡದ್ದೆಲ್ಲ ತಿನ್ನಬೇಕು ಎನಿಸುವ ಹಸಿವು. ಪಕ್ಕದ ಮಂಚದ ಅಜ್ಜನಿಗೆ ಮನೆಯಿಂದ ಬಂದ ಜೋಳದ ರೊಟ್ಟಿಯನ್ನು ಅವನು ಮೂತ್ರಕ್ಕೆ ಹೋದಾಗ ತಿಂದೆ. ಬಂದು ನೋಡಿ ಅಜ್ಜ, "ಬೆವರು ಬರಂಗಿಲ್ಲಂತ, ನಾಚಿಕಿನೂ ಬರಂಗಿಲ್ಲೇನು?" ಎಂದ. ಮರುದಿನದಿಂದ ಅವನ ಮನೆಯಿಂದ ಎರಡು ರೊಟ್ಟಿ ಹೆಚ್ಚು ಬರತೊಡಗಿದವು.

ಎರಡು ಸಲದ ಔಷಧಕ್ಕೆ ನನ್ನ ಹಣೆಯೂ ಎದೆಯ ಮೇಲಿನ ಅಂಗೈಯಗಲ ಜಾಗವೂ ಸ್ವಲ್ಪ ಒದ್ದೆಯಾಗಲು ಕಲಿತವು. ಉಳಿದದ್ದು ಇನ್ನೂ ಕಲಿಯುತ್ತಿದೆ, ನನ್ನ ಹಾಗೇ ಹಿಂದಿನ ಬೆಂಚು. ಬಿಡುಗಡೆಯ ದಿನ ಡಾಕ್ಟರಮ್ಮ ಹೇಳಿದ್ದು ಇಷ್ಟು: "ಬೆವರನ್ನ ನಳದಿಂದ ಕಡ ತಗೋಬೇಕು. ತೆಳ್ಳನ ಹತ್ತಿ ಬಟ್ಟೆ, ಸಡಿಲ ಇರಬೇಕು, ತೊಯ್ಸಿ ತೊಡಬೇಕು, ಅದಕ್ಕ ಗಾಳಿ ಬಡೀಬೇಕು. ಗಾಳಿ ಬಡೀದಿದ್ರ ತೊಯ್ಸಿದ್ದು ದಂಡ." ಕೊನೆಯ ವಾಕ್ಯವನ್ನು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ಈಗ ಡಿಪೋದ ಮಾತು. ಡಾಕ್ಟರಮ್ಮನ ಚೀಟಿ ನೋಡಿದ ಮ್ಯಾನೇಜರ್ ಸಾಹೇಬರು ನನ್ನನ್ನು ಟಯರ್ ಗೋದಾಮಿಗೆ ಹಾಕುತ್ತೇನೆ ಎಂದರು. ತಂಪಾದ ಕತ್ತಲೆ ಕೋಣೆ. ಒಳಗೆ ಟಯರು, ಇನ್ನಷ್ಟು ಟಯರು, ಒಂದು ಕುರ್ಚಿ. ಬೇರೆಯವರಾದರೆ ಕೈ ಮುಗಿದು ತೆಗೆದುಕೊಳ್ಳುತ್ತಿದ್ದರು. ನನಗೆ ಎದೆ ಒಡೆಯಿತು. ಬಸ್ಸು ಎಂದರೆ ನನಗೆ ಬರೀ ಕೆಲಸವಲ್ಲ. ಅಲ್ಲಿ ನನ್ನ ಮಾತಿಗೆ ಜನ ನಗುತ್ತಾರೆ, ತಿರುಗಿ ಬೈಯುತ್ತಾರೆ, ಮಗಳಿಗೆ ಗಂಡು ನೋಡಿದ್ದನ್ನು ಹೇಳುತ್ತಾರೆ. ಟಯರಿಗೆ ಜೋಕು ಹೇಳಿದರೆ ಅದು ಏನು ಮಾಡೀತು?

"ಸಾಹೇಬ್ರ, ಬಸ್ಸಿನ ಮ್ಯಾಲೇ ಬಿಡ್ರಿ" ಎಂದೆ.

"ಬಸ್ಸಿನ್ಯಾಗ ನೀ ಬಿದ್ರ ನಿಮ್ಮವ್ವಗ ನಾ ಏನು ಹೇಳ್ಲಿ?"

"ಬೀಳಂಗಿಲ್ರೀ."

"ಮ್ಯಾಲಿನವರಿಗೆ ಬರೀಬೇಕಲ್ಲಪ್ಪ, ಬೀಳಂಗಿಲ್ಲಂತ ಹೆಂಗ ಬರೀಲಿ? ಒಂದು ಕೆಲಸ ಮಾಡು. ನಾಳೆ ಹನ್ನೊಂದರ ದೇವದುರ್ಗ ಗಾಡಿಗೆ ನೀ ಹೋಗು. ನಾನೂ ಬರ್ತೀನಿ. ಹೋಗಿ ಬರೋ ತನಕ ನೆಟ್ಟಗಿದ್ರ ಬಸ್ಸು, ಇಲ್ಲಂದ್ರ ಟಯರು."

ಇಲ್ಲಿ ನನ್ನ ಜೀವನದ ಅತಿ ದೊಡ್ಡ ಮೂರ್ಖತನ ಬರುತ್ತದೆ. ಸುನೀತಾ ಒಂದು ತೆಳು ಹತ್ತಿಯ ಖಾಕಿ ಅಂಗಿ ಹೊಲಿಸಿಟ್ಟಿದ್ದಳು. ಜೋಳಿಗೆಯಂತೆ ಸಡಿಲ. ಅದನ್ನು ತೊಯಿಸಿ ತೊಡಬೇಕು. ಕನ್ನಡಿಯ ಮುಂದೆ ಹಿಡಿದು ನೋಡಿದೆ. ಕೆರೆಗೆ ಬಿದ್ದು ಎದ್ದು ಬಂದ ಹೋಮ್‌ಗಾರ್ಡ್ ಕಂಡ. ಸಾಹೇಬರ ಮುಂದೆ ಹೀಗೆ ಹೋದರೆ ಯಾರು ನೆಟ್ಟಗಿದ್ದಾನೆ ಎಂದಾರು? ಗೋಡೆಗೆ ಟೆರಿಕಾಟ್ ಜೋಡಿ ನೇತಾಡುತ್ತಿತ್ತು, ಅವ್ವ ಇಸ್ತ್ರಿ ಮಾಡಿದ್ದು, ಬಿಲ್ಲೆ ಉಜ್ಜಿದ್ದು. ನನ್ನ ಬುದ್ಧಿ ಓಡಿತು. ಬನಿಯನ್ನನ್ನು ಸೊಂಟದ ತನಕ ತೊಯಿಸಿ ತೊಟ್ಟೆ. ಅದರ ಮೇಲೆ ಟೆರಿಕಾಟ್ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಹಾಕಿದೆ. ಒಳಗೆ ನೀರು, ಹೊರಗೆ ಗತ್ತು. ಡಾಕ್ಟರಮ್ಮನಿಗೂ ಹೊಳೆಯದ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪಚಕ್ ಎಂದಿತು.

ಬಸ್ಸು ತುಂಬಿತ್ತು. ಸಾಹೇಬರು ಮುಂದಿನ ಸೀಟಿನಲ್ಲಿ, ನನ್ನನ್ನು ನೋಡದವರಂತೆ ಕೂತಿದ್ದರು. ಅರ್ಧ ದಾರಿಯ ತನಕ ರಾಜನಂತಿದ್ದೆ. ಆಮೇಲೆ ಗೊತ್ತಾಯಿತು, ಟೆರಿಕಾಟ್ ಒಳಗಿನ ನೀರು ಎಲ್ಲಿಗೂ ಹೋಗದೆ ಅಲ್ಲೇ ಬಿಸಿಯಾಗುತ್ತಿದೆ. ಇಡ್ಲಿ ಪಾತ್ರೆಯೊಳಗೆ ಒದ್ದೆ ಬಟ್ಟೆ ಹಾಸಿ ಮುಚ್ಚುತ್ತಾರಲ್ಲ, ಹಾಗೆ. ಮೇಲಿನ ಬಟ್ಟೆ ದಪ್ಪ, ಗಾಳಿ ಬಡಿಯದು. ಎರಡು ಸಲ ಹೇಳಿದ್ದ ವಾಕ್ಯ ಈಗ ಮೂರನೆಯ ಸಲ ಕಿವಿಯಲ್ಲಿ ಕೇಳಿಸಿತು. ಸೂಜಿಗಳು ಒಂದೊಂದಾಗಿ ಎದ್ದವು. ಗುಂಡಿ ಬಿಚ್ಚೋಣವೆಂದರೆ ಸಾಹೇಬರು ನೋಡುತ್ತಾರೆ. ನೀರು ಚಿಮುಕಿಸಿಕೊಳ್ಳೋಣವೆಂದರೆ ಟೆರಿಕಾಟ್ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋಗುತ್ತದೆ. ಅರಕೇರಾ ಸಮೀಪಿಸುವ ಹೊತ್ತಿಗೆ ದೇವದುರ್ಗಕ್ಕೆ ಹೋಗುವ ಒಬ್ಬರಿಗೆ ರಾಯಚೂರಿನ ಟಿಕೆಟ್ ಕೊಟ್ಟೆ.

"ಗಾಡಿ ಈ ಕಡಿ ಹೊಂಟದಲ್ಲಪ್ಪ" ಎಂದರು ಅವರು.

ಅರಕೇರಾದಲ್ಲಿ ಹುಲಿಗೆಮ್ಮ ಹತ್ತಿದಳು. ವಾರಕ್ಕೆ ಎರಡು ಸಲ ದೇವದುರ್ಗಕ್ಕೆ ಬೆಣ್ಣೆ ಮಾರಲು ಹೋಗುವ ಮುದುಕಿ, ಎರಡು ಎಮ್ಮೆಯ ಒಡತಿ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೂ ಸೊನ್ನೆ ಟಿಕೆಟ್ ಕೊಡಬೇಕು. ಕೊಡಲು ಹೋದೆ. ನನ್ನ ಕೈ ಅವಳ ಕೈಗೆ ತಾಗಿತು.

"ಯಪ್ಪಾ, ಹಿಂಗ್ಯಾಕ ಸುಡಾಕತ್ತಿ?" ಎಂದು ಮುಖ ನೋಡಿದಳು. "ಮಾರಿ ಕೆಂಡ ಆಗ್ಯಾದ. ಹನಿ ಬೆವರಿಲ್ಲ."

"ನನಗ ಬರಂಗಿಲ್ಲಬೇ" ಎಂದೆ. ನಾಲಿಗೆ ದಪ್ಪಗಾಗಿತ್ತು.

"ನಮ್ಮ ಎಮ್ಮಿಗೂ ಅಷ್ಟ. ಅದರ ಮೈಗೂ ಬೆವರು ಸಾಲಂಗಿಲ್ಲ, ಅದಕ್ಕ ಹೊಂಡದಾಗ ಬೀಳ್ತದ. ನೀ ಏನು ಗುಂಡಿ ಹಾಕ್ಕೊಂಡು ಮದಿಮಗನಂಗ ನಿಂತೀಯೋ? ಬಿಚ್ಚು."

"ಸಾಹೇಬ್ರು ಕುಂತಾರಬೇ."

"ಸತ್ತ ಮ್ಯಾಲೆ ಸಾಹೇಬ್ರು ಬಿಚ್ಚತಾರ?"

ಅವಳೇ ಬಿಚ್ಚಿದಳು. ನಲವತ್ತು ಜನರ ಮುಂದೆ, ಬೆಣ್ಣೆಯ ಜಿಡ್ಡಿನ ಕೈಯಲ್ಲಿ ಪಟಪಟನೆ ಐದು ಗುಂಡಿ ಬಿಚ್ಚಿ ಅಂಗಿ ಎಳೆದು ಹಾಕಿದಳು. ಬೆಣ್ಣೆ ಕರಗದಿರಲೆಂದು ಇಟ್ಟ ತಣ್ಣೀರಿನ ಗಡಿಗೆಯಿಂದ ಬೆಣ್ಣೆಯ ಉಂಡೆಗಳನ್ನು ಎತ್ತಿ ಪಕ್ಕದವಳ ತಟ್ಟೆಗಿಟ್ಟು, ನೀರನ್ನು ನನ್ನ ನೆತ್ತಿಗೆ ಸುರಿದಳು. ಮೆಹಬೂಬ್ ಸಾಬ್ ಗಾಡಿ ಪಕ್ಕಕ್ಕೆ ಹಾಕಿ ತಮ್ಮ ಬಾಟಲಿ ತಂದು ಸುರಿದರು. ಆಮೇಲೆ ಯಾರ ಯಾರ ಬಾಟಲಿಯೋ. ಕುಡಿಯುವ ನೀರು, ಆ ಬಿಸಿಲಿನಲ್ಲಿ, ಹಿಂದಿನ ಸೀಟಿನಿಂದ ಕೈಯಿಂದ ಕೈಗೆ ಬಂತು. ಯಾರೋ ಸೆರಗು ಬೀಸಿದರು, ಯಾರೋ ಶಾಲೆಯ ಪುಸ್ತಕ ಬೀಸಿದರು. ಒಬ್ಬಾತ ಮಾತ್ರ, "ಇವಂದು ಚರ್ಮದ ರೋಗ ಅಲ್ಲೇನು? ನೀರು ನಮಗ ಸಿಡೀತದ" ಎಂದ. ಅವನ ಬಾಟಲಿಯನ್ನೂ ಹುಲಿಗೆಮ್ಮ ಕಸಿದುಕೊಂಡಳು.

ಹತ್ತು ನಿಮಿಷದಲ್ಲಿ ತಲೆ ತಿಳಿಯಾಯಿತು. ತಿಳಿಯಾದ ಕೂಡಲೇ ಕಂಡದ್ದು ಸಾಹೇಬರ ಮುಖ. ಸೀಟಿನಿಂದ ಎದ್ದು ನಿಂತಿದ್ದರು, ಅವರ ಪ್ಯಾಂಟೂ ತೊಯ್ದಿತ್ತು. ಮುಗಿಯಿತು ಎಂದುಕೊಂಡೆ. ಟಯರುಗಳ ವಾಸನೆ ಮೂಗಿಗೆ ಬಂದೇ ಬಿಟ್ಟಿತು.

"ನೋಡಿದ್ರೇನ್ರೀ, ಇದಕ್ಕ ನಾ ಬ್ಯಾಡ ಅಂದಿದ್ದು" ಎಂದರು ಸಾಹೇಬರು ಎಲ್ಲರಿಗೂ.

"ನೋಡೀವಿ" ಎಂದಳು ಹುಲಿಗೆಮ್ಮ. "ಅಂಗಿ ಹಾಕ್ಕೊಂಡಾಗ ಬಿದ್ದ, ತಗದ ಮ್ಯಾಲೆ ಎದ್ದ. ತಪ್ಪು ಹುಡುಗಂದೋ, ಅಂಗೀದೋ?"

ಸಾಹೇಬರು ತೊಯ್ದ ಪ್ಯಾಂಟು ಜಾಡಿಸಿಕೊಂಡರು. ಹೋಗಿ ಕೂತರು. ಉಳಿದ ದಾರಿಯನ್ನೂ ವಾಪಸ್ ಬರುವ ಟ್ರಿಪ್ಪನ್ನೂ ನಾನು ಬರೀ ಒದ್ದೆ ಬನಿಯನ್ನಿನಲ್ಲಿ, ಬಿಲ್ಲೆಯನ್ನು ಅದಕ್ಕೇ ಚುಚ್ಚಿಕೊಂಡು, ಟಿಕೆಟ್ ಮಷೀನಿಗೆ ಪ್ಲಾಸ್ಟಿಕ್ ಸುತ್ತಿ ಮಾಡಿದೆ. ದೇವದುರ್ಗದ ನಳದ ಕೆಳಗೆ ಕೂತು ಎದ್ದೆ. ಕಿಟಕಿಯ ಗಾಳಿ ಬನಿಯನ್ನಿಗೆ ಬಡಿದಾಗಲೆಲ್ಲ ಚಳಿಯಾಯಿತು. ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡಕ್ಕೆ, ದೇವದುರ್ಗದ ರಸ್ತೆಯಲ್ಲಿ ನನಗೆ ಹಲ್ಲು ಕಡಿಯುವಷ್ಟು ಚಳಿ. ಒಂದು ಟಿಕೆಟೂ ತಪ್ಪಲಿಲ್ಲ.

ಮೂರು ದಿನ ಬಿಟ್ಟು ಸಾಹೇಬರು ಕರೆದು ಕಾಗದ ಕೊಟ್ಟರು. ಯುಗಾದಿಯಿಂದ ಮಳೆ ಹಿಡಿಯುವ ತನಕ ಬೆಳಗಿನ ಟ್ರಿಪ್ ಮಾತ್ರ. ಹತ್ತಿ ಬಟ್ಟೆಗೆ ಅನುಮತಿ. ಬಸ್ಸಿನಲ್ಲಿ ಒಂದು ಕೊಡ ನೀರು.

"ಈ ಕೊಡದ ನೀರನ್ನ ಯಾವ ರೂಲಿನ ಕೆಳಗ ಬರೀಬೇಕಂತ ಎರಡು ದಿನ ತಲಿ ಕೆಡಿಸ್ಕೊಂಡೆ" ಎಂದರು ಸಾಹೇಬರು ಸಿಟ್ಟಿನಿಂದಲೇ. "ಕೊನೀಗೆ ರೇಡಿಯೇಟರ್ ಕೆಳಗ ಬರದೀನಿ. ಹೋಗು, ನನ್ನ ಕಣ್ಣ ಮುಂದ ನಿಂದ್ರಬ್ಯಾಡ."

ಅಂದಿನಿಂದ ನನಗೆ ಬೇರೆ ಥರದ ಕಾಟ. ನಾನು ಸಾರ್ವಜನಿಕ ಆಸ್ತಿಯಾಗಿಬಿಟ್ಟಿದ್ದೇನೆ. ಹತ್ತಿದವರೆಲ್ಲ ನನ್ನ ಹಣೆ ಮುಟ್ಟಿ ನೋಡುತ್ತಾರೆ, ಕೇಳದೆ ನೀರು ಎರಚುತ್ತಾರೆ. ಡಿಸೆಂಬರ್ ತಿಂಗಳು, ಬೆಳಗಿನ ಆರು ಗಂಟೆ, ನಾನು ಸ್ವೆಟರ್ ತೊಟ್ಟು ಗಡಗಡ ನಡುಗುತ್ತಾ ನಿಂತಿದ್ದರೂ, "ತಡಿಯಪ್ಪಾ, ಒಂದೀಟು ಹಾಕ್ತೀನಿ" ಎಂದು ಬಾಟಲಿ ಎತ್ತುವವರಿದ್ದಾರೆ. ಬೇಡ ಎಂದರೆ, ನಿನಗೇನು ತಿಳೀತದ, ನೀ ಬೀಳಾವ ಎನ್ನುತ್ತಾರೆ. ಕುರ್ಡಿಯ ಮಾಸ್ತರು ಒಬ್ಬರೇ ಏನೂ ಮಾಡುವುದಿಲ್ಲ, ಏನೂ ಕೇಳುವುದಿಲ್ಲ. ನಾನೂ ಅವರನ್ನು ಕೇಳುವುದಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ಹೋದ ತಿಂಗಳ ಒಂದು ಬೆಳಗಿನಿಂದಾಗಿ. ಅವತ್ತು ನನಗೆ ರಾಯಚೂರಿನ ಗಾಡಿ. ಬಾಗಲವಾಡದ ಒಬ್ಬ ತಾಯಿ, ಇಪ್ಪತ್ತರ ಮಗಳನ್ನು ಕರೆದುಕೊಂಡು ಹತ್ತಿದಳು. ಹುಡುಗಿ ಕುತ್ತಿಗೆಯ ತನಕ ದುಪಟ್ಟಾ ಸುತ್ತಿಕೊಂಡು, ತೋಳು ತುರಿಸಿಕೊಳ್ಳುತ್ತಾ ಕಿಟಕಿಯ ಹತ್ತಿರ ಕೂತಳು. ತಾಯಿ ನನ್ನ ಒದ್ದೆ ಅಂಗಿಯನ್ನು ಬಹಳ ಹೊತ್ತು ನೋಡಿದಳು. ನಾನು ಬೈಗುಳಕ್ಕೆ ತಯಾರಾದೆ.

"ಬೆವರದ ಕಂಡಕ್ಟರ್ ಅಂದ್ರ ನೀನೇನಪ್ಪ?"

"ನಾನ ರೀ."

"ಇಕಿಗೂ ಹಂಗ ಅದ. ಹತ್ತಿ ಬಿಡಸಾಕ ಹೋದ್ರ ಎಲ್ಲಾರೂ ತೊಯ್ದು ತಪ್ಪಡಿ, ಇಕಿ ಒಬ್ಬಾಕೀನ ಒಣ. ಕಳ್ಳ ಕೆಲಸ ಮಾಡ್ತಾಳ ಅಂತಾರ. ಎರಡು ಸಲ ಹೊಲದಾಗ ಬಿದ್ದಾಳ."

ಹುಡುಗಿ ಕಿಟಕಿಯಿಂದ ತಿರುಗಲಿಲ್ಲ. ಹೇಳಲು ನನ್ನ ಹತ್ತಿರ ಹತ್ತು ಜೋಕುಗಳಿದ್ದವು. ಒಂದನ್ನೂ ಹೇಳಲಿಲ್ಲ. ದುಪಟ್ಟಾ ಬಿಚ್ಚಿ ತೊಯಿಸಿ ಹೊದ್ದುಕೋ ಎಂದು ಕೊಡ ಮುಂದಿಟ್ಟೆ. ಚೀಟಿಯ ಮೇಲೆ ಡಾಕ್ಟರಮ್ಮನ ಆಸ್ಪತ್ರೆಯ ದಾರಿ ಬರೆದೆ. ಬಾಗಿಲ ಮೇಲಿನ ಬೋರ್ಡು ಓದದೆ ಒಳಗೆ ಹೋಗಿರಿ, ಸಣ್ಣಾಕಿ ಇದ್ದಾಗ ಬೆವರುತ್ತಿದ್ದಳೋ ಇಲ್ಲವೋ ಅದನ್ನು ಮೊದಲು ಹೇಳಿರಿ ಎಂದೆ.

ಹುಡುಗಿ ಒದ್ದೆ ದುಪಟ್ಟಾ ಹೆಗಲಿಗೆ ಹಾಕಿಕೊಂಡಳು. ಕಿಟಕಿಯ ಗಾಳಿ ಬಡಿಯಿತು. ತುಸು ಹೊತ್ತಿಗೆ ತೋಳು ತುರಿಸುವುದು ನಿಂತಿತು. ಆಗ ಮೊದಲ ಸಲ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದಳು.

"ಅಣ್ಣಾ, ನಿನ್ನ ಕೆಲಸ ಬಿಡಿಸಲಿಲ್ಲೇನು?"

"ಬಿಡಿಸಿದ್ರ ನಿನಗ ಟಿಕೆಟ್ ಯಾರು ಕೊಡ್ತಿದ್ರು ತಂಗಿ?" ಎಂದೆ. "ಎಲ್ಲಿಗೆ, ಹೇಳು."

ಅವಳು ತಾಯಿಯ ಕೈಯಲ್ಲಿದ್ದ ಚೀಟಿ ನೋಡಿದಳು.

"ರಾಯಚೂರಿಗೆ" ಎಂದಳು.